ಗಿಡಗಳ ವಿಶ್ರಾಂತಿಕಾಲ

ಅಂಗಳದಲ್ಲಿಯೂ ಮಾಳಿಗೆಯ ಮೇಲೆಯೂ ಕುಂಡಗಳಲ್ಲಿ ಹೂಗಿಡಗಳನ್ನು ಬೆಳೆಸುವವರು, ನೀರುಗೊಬ್ಬರಗಳನ್ನು ಒದಗಿಸುವುದರಲ್ಲಿ ತೋರುವ ಶ್ರದ್ಧೆಯನ್ನು ಅವು ಬೇಡವಾದ ಕಾಲವನ್ನು ಗುರುತಿಸುವುದರಲ್ಲಿಯೂ ತೋರಿದರೆ, ವರ್ಷವರ್ಷವೂ ಬರಿದಾಗಿ ಮೂಲೆ ಸೇರುವ ಕುಂಡಗಳು ಬಹುಮಟ್ಟಿಗೆ ಕಡಮೆಯಾದಾವು. ಉಪೇಕ್ಷೆಯಿಂದ ಒಣಗುವ ಗಿಡಗಳಿಗಿಂತ ಅತಿಪ್ರೀತಿಯಿಂದ ಕೊಳೆಯುವ ಗಿಡಗಳೇ ಹೆಚ್ಚೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೇರುಗಳಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸೂಕ್ಷ್ಮರಂಧ್ರಗಳಲ್ಲಿರುವ ವಾಯುವಿನಿಂದಲೇ ಅವು ಆಮ್ಲಜನಕವನ್ನು ಪಡೆಯಬೇಕು. ಆಷಾಢದ ಜಡಿಮಳೆಯಲ್ಲಿ ಗಾಳಿಯೇ ತೇವಗೊಂಡಿರುವಾಗ, ಜಗಲಿಯ ಕುಂಡಗಳಿಗೆ ಬೇಸಗೆಯ ಲೆಕ್ಕದಲ್ಲಿಯೇ ನೀರೆರೆದರೆ ಆ ರಂಧ್ರಗಳೆಲ್ಲ ನೀರಿನಿಂದ ತುಂಬಿ ಬೇರು ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದೆ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡವರು ಗಿಡ ಬಾಯಾರಿತೆಂದು ಬಗೆದು ಇನ್ನೊಂದು ಚೆಂಬು ನೀರು ಸುರಿಯುತ್ತಾರೆ. ಎರಡು ಅಂಗುಲ ಬೆರಳನ್ನೂರಿ ನೋಡಿ, ತುದಿಗೆ ತೇವ ತಾಕಿದರೆ ಸುಮ್ಮನಿರುವುದೇ ಆಗ ಮಾಡತಕ್ಕ ಉಪಚಾರ.

ದುಂಡುಮಲ್ಲಿಗೆಗಂತೂ ವಿಶ್ರಾಂತಿಯಿಲ್ಲದೆ ಸಮೃದ್ಧವಾದ ಹೂವಿಲ್ಲ. ಅದು ಹೂಬಿಡುವುದು ಹೊಸ ಚಿಗುರಿನಲ್ಲಿ. ಆದಕಾರಣ ಮಾರ್ಗಶಿರದ ಚಳಿ ಬೀಳುತ್ತಲೇ ನೀರನ್ನು ಕಡಮೆ ಮಾಡಿ, ಗಿಡವನ್ನು ನೆಲದಿಂದ ಸುಮಾರು 1½ ಅಡಿ ಎತ್ತರಕ್ಕೆ ಸವರಿ, ಒಣಗಿದ ಕಡ್ಡಿಗಳನ್ನು ತೆಗೆದುಹಾಕಿ, ಕೆಲವು ಕಾಲದ ಮೇಲೆ ಬುಡವನ್ನು ಸಡಲಿಸಿ ಕೊಟ್ಟಿಗೆಗೊಬ್ಬರವನ್ನು ಕೊಟ್ಟು ಮತ್ತೆ ನೀರು ಹಾಯಿಸಿದರೆ, ಯುಗಾದಿಯ ಹೊತ್ತಿಗೆ ಕವಲುಕವಲಿನ ತುದಿಯಲ್ಲಿಯೂ ಮೊಗ್ಗು ಕಾಣಿಸಿಕೊಳ್ಳುತ್ತದೆ. ಹಸುರಾಗಿರುವ ಗಿಡಕ್ಕೆ ಕತ್ತರಿಯಿಡಲು ಕೈ ನಡುಗುವವರನ್ನು ನಾನು ದೂಷಿಸಲಾರೆ; ಆದರೆ ಸವರದ ಮಲ್ಲಿಗೆ ಬರಿಯ ಪೊದೆಯಾಗಿ ಹಬ್ಬಿ ಹೂವಿನಲ್ಲಿ ಜಿಪುಣವಾಗುತ್ತದೆ.

ಮನೆಯೊಳಗಿನ ಗಿಡಗಳಿಗೆ ನೀರಿಗಿಂತಲೂ ಬೆಳಕಿನ ಋತುಭೇದ ಮುಖ್ಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಡಿಸೆಂಬರಿನಲ್ಲಾದರೋ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಕ್ಕೆ ಬಹುದೂರ ಚಾಚುತ್ತದೆ. ನೆರಳನ್ನು ಬಯಸುವ ಜರೀಗಿಡವನ್ನು ವರ್ಷವಿಡೀ ಒಂದೇ ಕಿಟಕಿಯಲ್ಲಿಟ್ಟು, ಚಳಿಗಾಲದಲ್ಲಿ ಅದರ ಎಲೆಯಂಚು ಕಂದಿತೇಕೆಂದು ಚಿಂತಿಸುವವರು ಮೊದಲು ನೆಲದ ಮೇಲೆ ಬಿದ್ದ ಬಿಸಿಲಿನ ಗೆರೆಯನ್ನು ಗಮನಿಸಬೇಕು.

ವಿಶ್ರಾಂತಿಯ ಮಹಿಮೆಯನ್ನು ಸಂಪೂರ್ಣವಾಗಿ ಬಲ್ಲವರು ಮಲೆನಾಡಿನ ಹೆಣ್ಣುಮಕ್ಕಳು. ಅವರ ಡೇರೆಗಿಡಗಳೇ ಅದಕ್ಕೆ ಸಾಕ್ಷಿ. ಡೇರೆಯ ತೌರು ಮೆಕ್ಸಿಕೋದ ಎತ್ತರದ ನಾಡು. ಅಲ್ಲಿಯೂ ಮಳೆ ಸುರಿಯುವುದು ಹೆಚ್ಚುಕಡಮೆ ನಮ್ಮ ಮಳೆಗಾಲದ ತಿಂಗಳುಗಳಲ್ಲಿಯೇ, ಚಳಿಗಾಲವೆಲ್ಲ ಒಣಹವೆ. ಅಷ್ಟು ದೂರದ ಸಸ್ಯವೊಂದು ಸಾಗರ, ಶಿರಸಿಗಳ ಅಂಗಳಕ್ಕೆ ಇಷ್ಟು ಸಲೀಸಾಗಿ ಹೊಂದಿಕೊಂಡುದಕ್ಕೆ ಈ ಸಾಮ್ಯವೇ ಕಾರಣವಿರಬೇಕು. ಶ್ರಾವಣ ಭಾದ್ರಪದಗಳಲ್ಲಿ ತಟ್ಟೆಯಗಲದ ಹೂವನ್ನು ಹೊತ್ತು ಊರೆಗೋಲಿಗೆ ಒರಗಿ ನಿಲ್ಲುವ ಈ ಗಿಡದ ಕಾಂಡ ಒಳಗೆ ಟೊಳ್ಳು. ಬುಡದವರೆಗೆ ಕೊಯ್ದು ಹಾಗೆಯೇ ಬಿಟ್ಟರೆ ಮಳೆಯ ನೀರು ಆ ಕೊಳವೆಯಲ್ಲಿಳಿದು ಗಡ್ಡೆಯ ನೆತ್ತಿಯನ್ನೇ ಕೊಳೆಸುತ್ತದೆ. ಎಲೆ ತಾನಾಗಿ ಹಳದಿಗಟ್ಟಿ ಒಣಗುವವರೆಗೆ ಕಾದು, ಗಡ್ಡೆಯನ್ನು ನೋಯದಂತೆ ಅಗೆದು, ಒಣಮರಳಿನಲ್ಲಿ ಹುದುಗಿಸಿ ನೆರಳಿನಲ್ಲಿಟ್ಟರೆ ಬೇಸಗೆ ಮುಗಿಯುವತನಕ ಅದಕ್ಕೆ ಯಾವ ಆರೈಕೆಯೂ ಬೇಡ. ಮುಂಗಾರಿನ ಮುನ್ನ ಹೊರತೆಗೆದಾಗ ಮೊಳಕೆಯ ಕಣ್ಣು ಕಾಣುವುದು ಗಡ್ಡೆಯ ಮೈಮೇಲಲ್ಲ, ಅದು ಹಳೆಯ ಕಾಂಡಕ್ಕೆ ಅಂಟಿಕೊಂಡಿರುವ ಕತ್ತಿನಲ್ಲಿ. ಎಷ್ಟೇ ದಪ್ಪನಾಗಿದ್ದರೂ ಕತ್ತು ಮುರಿದ ಗಡ್ಡೆ ಚಿಗುರುವುದಿಲ್ಲ. ನೆರೆಮನೆಯವರಿಗೆ ಪಾಲು ಕೊಡುವಾಗ, ಒಂದೊಂದು ಗಡ್ಡೆಯೊಡನೆಯೂ ಕಣ್ಣಿರುವ ಕತ್ತಿನ ಚೂರು ಉಳಿಯುವಂತೆ ಕೊಯ್ದು, ಗಾಯಕ್ಕೆ ಬೂದಿ ಸವರಿ, ಅದು ಒಂದೆರಡು ದಿನ ಆರಿದ ಬಳಿಕ ಕೊಡುವುದು ಲೇಸು.