ಒಂದಕ್ಷರ, ಒಂದು ತಡೆ, ಒಂದು ಮಿನುಗು

ಒಬ್ಬ ಮನುಷ್ಯನ ಜೀನೋಮ್ ಎಂದರೆ ಡಿಎನ್‌ಎಯಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರ! ಅದನ್ನು ಮೊದಲ ಸಲ ಓದಲು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳಿಗೆ 1990ರಿಂದ 2003ರವರೆಗೆ ಹಿಡಿಯಿತು. ಈಗ ಒಂದೇ ಯಂತ್ರ ಕೆಲವೇ ದಿನಗಳಲ್ಲಿ ಹತ್ತಾರು ಜನರ ಜೀನೋಮ್ ಓದಿ ಮುಗಿಸುತ್ತದೆ.

ಹೇಗೆಂದು ನೋಡಹೊರಟರೆ ಮೈ ಜುಮ್ಮೆನ್ನುತ್ತದೆ. ಡಿಎನ್‌ಎಯನ್ನು ಚೂರು ಚೂರು ಮಾಡಿ, ತುದಿಗಳಿಗೆ ಗುರುತಿನ ತುಣುಕು ಅಂಟಿಸಿ, ಗಾಜಿನ ಪಟ್ಟಿಯ ಮೇಲೆ ಹರಿಯಬಿಡುತ್ತಾರೆ. ಒಂದೊಂದು ಚೂರೂ ಅಲ್ಲಿ ಕಚ್ಚಿಕೊಂಡು, ತನ್ನದೇ ನೂರಾರು ಪ್ರತಿಗಳಾಗಿ ಗುಂಪುಗೂಡುತ್ತದೆ. ಆಮೇಲೆ ಓದು. ಜೊತೆ ಎಳೆ ಹೆಣೆಯುವ ಕಿಣ್ವಕ್ಕೆ ವಿಪರೀತ ಅವಸರ, ಬಿಟ್ಟರೆ ಓಡಿಯೇಬಿಡುತ್ತದೆ. ಅದನ್ನು ಹೆಜ್ಜೆ ಹೆಜ್ಜೆಗೂ ನಿಲ್ಲಿಸುವುದರಲ್ಲೇ ಇದೆ ಜಾಣ್ಮೆಯೆಲ್ಲ! ತೇರಿನ ಗಾಲಿಗೆ ಮರದ ತಡೆ ಕೊಡುತ್ತಾರಲ್ಲ, ಹಾಗೆ ಪ್ರತಿ ಅಕ್ಷರಕ್ಕೂ ಒಂದು ರಾಸಾಯನಿಕ ತಡೆ, ಜೊತೆಗೆ ಹೊಳೆಯುವ ಬಣ್ಣ. ಅಕ್ಷರ ಕೂರುತ್ತದೆ, ಕಿಣ್ವ ನಿಲ್ಲುತ್ತದೆ, ಬೆಳಕು ಬೀಳುತ್ತದೆ, ಕ್ಯಾಮೆರಾ ಚಿತ್ರ ಹಿಡಿಯುತ್ತದೆ. ತಡೆ, ಬಣ್ಣ ಎರಡನ್ನೂ ಕಳಚಿದರೆ ಮುಂದಿನ ಅಕ್ಷರ. ಹೀಗೆ ಸುಮಾರು 150 ಸಲ, ಕೋಟ್ಯಂತರ ಗುಂಪುಗಳಲ್ಲಿ, ಏಕಕಾಲಕ್ಕೆ!

ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ 1997ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡುಕೊಂಡ ದಾರಿಯಿದು. ಕಿಣ್ವವೊಂದರ ಕೆಲಸ ನೋಡಲು ಕೂತವರಿಗೆ ಇಡೀ ಮನುಕುಲವನ್ನು ಓದುವ ಉಪಾಯವೇ ಸಿಕ್ಕಿಬಿಟ್ಟಿತು!

ಓದಿದ ಚೂರುಗಳನ್ನು ಕಂಪ್ಯೂಟರ್ ಮಾದರಿ ಜೀನೋಮ್‌ನೊಂದಿಗೆ ಹೋಲಿಸಿ ಅವುಗಳ ಜಾಗ ಹುಡುಕುತ್ತದೆ. ಒಂದೊಂದು ಜಾಗವನ್ನೂ ಸರಾಸರಿ 30 ಸಲ ಓದುವುದು ವಾಡಿಕೆ. ಎಲ್ಲೋ ಒಮ್ಮೆ ಮಾತ್ರ ಬೇರೆ ಅಕ್ಷರ ಕಂಡರೆ ಅದು ಬಹುಪಾಲು ಯಂತ್ರದ ತಪ್ಪು. ಅರ್ಧದಷ್ಟು ಸಲ ‘ಎ’, ಇನ್ನರ್ಧ ‘ಜಿ’ ಬಂದರೆ? ಒಂದು ಅಮ್ಮ ಕೊಟ್ಟದ್ದು, ಇನ್ನೊಂದು ಅಪ್ಪ ಕೊಟ್ಟದ್ದು! ಮಾದರಿ ಜೀನೋಮ್‌ಗೆ ಹೋಲಿಸಿದರೆ ಒಟ್ಟು ವ್ಯತ್ಯಾಸಗಳು ಒಬ್ಬೊಬ್ಬರಲ್ಲೂ 40ರಿಂದ 50 ಲಕ್ಷ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆಯಲ್ಲಿ 10,000 ಭಾರತೀಯರ ಜೀನೋಮ್ ಓದಿದ್ದಾರೆ. 2025ರಲ್ಲಿ ಹೊರಬಂದ ಮೊದಲ ಲೆಕ್ಕದಲ್ಲೇ, 9,772 ಜನರಲ್ಲಿ ಕಂಡದ್ದು ಸುಮಾರು 18 ಕೋಟಿ ವ್ಯತ್ಯಾಸ! ಒಳಗೊಳಗೇ ಸಂಬಂಧ ಬೆಳೆಸುತ್ತ ಬಂದ ನಮ್ಮ ಸಮುದಾಯಗಳಲ್ಲಿ ಇದು ಜೀವ ಉಳಿಸುವ ಮಾಹಿತಿ. ವೈಶ್ಯ ಸಮುದಾಯದ ಕೆಲವರಲ್ಲಿ ಒಂದೇ ಅಕ್ಷರ ಬದಲಾಗಿರುವುದರಿಂದ, ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ದೇಹದಲ್ಲಿ ಬೇಗ ಕರಗುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದರೂ ತಾವಾಗಿ ಉಸಿರಾಡಲು ಗಂಟೆಗಟ್ಟಲೆ ಆಗದೆ ಹೋಗಬಹುದು. ಮೊದಲೇ ಗೊತ್ತಿದ್ದರೆ ಅರಿವಳಿಕೆ ವೈದ್ಯರು ಬೇರೆ ಔಷಧ ಕೊಡುತ್ತಾರೆ.