ಮಂದ್ರಕ್ಕೊಂದು ಪೆಟ್ಟಿಗೆ

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಹಾಡಿಗೆ ಬರವಿಲ್ಲ. ಮಾನ್ವಿ ಜಗನ್ನಾಥದಾಸರ ನೆಲ, ಚೀಕಲಪರವಿ ವಿಜಯದಾಸರ ಊರು, ಮೊಸರಕಲ್ಲು ಗೋಪಾಲದಾಸರದು. ಗುಡಿಯಲ್ಲಿ ದಾಸರ ಪದ, ಮಠದಲ್ಲಿ ತತ್ವಪದ, ಮೊಹರಂಗೆ ರಿವಾಯತ್, ಜಾತ್ರೆ-ಮದುವೆಗೆ ರಸಮಂಜರಿ. ಮಲ್ಲಟದಂಥ ಊರುಗಳಲ್ಲಿ ಇವುಗಳಿಗೆ ಒದಗುವ ಜಾಗ ಬಹುತೇಕ ಸಣ್ಣದೇ: ಗುಡಿಯ ಕಟ್ಟೆ, ಶಾಲೆಯ ಅಂಗಳ, ಮನೆ ಮುಂದಿನ ಶಾಮಿಯಾನ.

ಇಂಥ ಕಡೆ ಗಾಯಕರ ದನಿ, ಕೀಬೋರ್ಡು ಎರಡೂ ಕಿವಿಗೆ ಬೀಳುತ್ತವೆ. ಮಂದ್ರ ಸ್ವರ ನುಡಿಸುವ ಬೇಸ್ ಗಿಟಾರ್ ಮಾತ್ರ ಕಣ್ಣಿಗೆ ಕಾಣುತ್ತದೆ, ಕೇಳುವುದಿಲ್ಲ. ಅದು ನುಡಿಸುವವರ ತಪ್ಪಲ್ಲ. ಕಂಬಕ್ಕೆ ಕಟ್ಟುವ ಹಾರ್ನ್ ಇರುವುದೇ ಮಾತನ್ನು ದೂರಕ್ಕೆ ಒಯ್ಯಲು. ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನ ಸ್ವರ ಅದರಲ್ಲಿ ಸೊರಗುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು 41 ಹರ್ಟ್ಜ್‌ನಲ್ಲಿ. ಆ ಮಂದ್ರಕ್ಕೆಂದೇ ಮಾಡಿದ ಸಾಧನ ಬೇಸ್ ಕಾಂಬೋ: ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಮರದ ಪೆಟ್ಟಿಗೆಯಲ್ಲಿ.

ಇದರ ವಯಸ್ಸು ಹೆಚ್ಚುಕಡಿಮೆ ಬೇಸ್ ಗಿಟಾರಿನದೇ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಗಿಟಾರ್ ತಂದರು. ಅದರ ಬೆನ್ನಿಗೇ, 1952ರಲ್ಲಿ, 15 ಇಂಚಿನ ಒಂದೇ ಸ್ಪೀಕರಿನ 'ಬೇಸ್‌ಮನ್' ಪೆಟ್ಟಿಗೆ ಬಂತು. ಆಗ ಒಳಗಿದ್ದದ್ದು ವಾಲ್ವು. ಈಗಿನ ಹಗುರ ಕಾಂಬೋಗಳಲ್ಲಿ ಇರುವುದು ಕರೆಂಟನ್ನು ಕಡಿಮೆ ಪೋಲು ಮಾಡುವ, ಕಡಿಮೆ ತೂಗುವ ಕ್ಲಾಸ್ ಡಿ ಸರ್ಕ್ಯೂಟು. ಹಾಗಾಗಿಯೇ ಬಸ್ಸಿನಲ್ಲೋ ಟಂಟಂನಲ್ಲೋ ಒಬ್ಬರೇ ಒಯ್ಯಬಹುದಾದ ಪೆಟ್ಟಿಗೆಗಳು ಸಿಗುತ್ತಿವೆ.

ವ್ಯಾಟಿನ ಲೆಕ್ಕ

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ 'ಎಷ್ಟು ವ್ಯಾಟು?' ವ್ಯಾಟು ಇಮ್ಮಡಿಯಾದರೆ ಸದ್ದು ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. ಆದ್ದರಿಂದ 100ರ ಬದಲು 150 ವ್ಯಾಟಿಗೆ ದುಡ್ಡು ಸುರಿದರೆ ಕೇಳುಗರಿಗೆ ವ್ಯತ್ಯಾಸವೇ ಗೊತ್ತಾಗದಿರಬಹುದು. ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದು, 94ರ ಬದಲು 97 ಡೆಸಿಬೆಲ್ ಇದ್ದರೆ, ಅದೇ ವ್ಯಾಟಿನಲ್ಲಿ ಆಂಪ್ಲಿಫೈಯರ್ ಇಮ್ಮಡಿಯಾದಷ್ಟೇ ಲಾಭ. ಪೆಟ್ಟಿಗೆಯ ವಿವರದ ಕಾಗದದಲ್ಲಿ ಆ ಅಂಕಿಯನ್ನೂ ನೋಡಿ.

ಹಾಗೆಂದು ವ್ಯಾಟು ಬೇಡವೆಂದಲ್ಲ. ನಮ್ಮ ಕಿವಿ ಮಂದ್ರಕ್ಕೆ ಮಂದ. ಗಾಯನದ ಸಮಕ್ಕೆ ಬೇಸ್ ಕೇಳಬೇಕಾದರೆ ಹೆಚ್ಚು ಶಕ್ತಿ ಬೇಕೇ ಬೇಕು. ಮನೆಯ ತಾಲೀಮಿಗೆ 30-40 ವ್ಯಾಟು ಸಾಕು. ಹಾರ್ಮೋನಿಯಂ, ತಬಲಾ, ಢೋಲಕ್ ಜೊತೆಗಾದರೆ 100ರ ಆಸುಪಾಸು. ಡ್ರಮ್ ಸೆಟ್ ಇದ್ದ ಕಡೆ 200ಕ್ಕಿಂತ ಕೆಳಗೆ ಹೋದರೆ ತಿಣುಕಬೇಕಾಗುತ್ತದೆ.

ಸ್ಪೀಕರ್ 10 ಇಂಚಿನದಾದರೆ ಪೆಟ್ಟು ಚುರುಕು, 15 ಇಂಚಿನದಾದರೆ ತಳ ಗಟ್ಟಿ, ಹೊರಲು ಭಾರ. ಸಣ್ಣ ಸಭೆಗೆ 12 ಇಂಚು ನಡುದಾರಿ. ಇರುವ ಲೀಡ್ ಗಿಟಾರ್ ಆಂಪ್ಲಿಫೈಯರಿಗೇ ಬೇಸ್ ಚುಚ್ಚಿ ಜೋರು ಮಾಡಬೇಡಿ. ಆ ತೆಳು ಕೋನ್ ಮಂದ್ರದ ಹೊಡೆತಕ್ಕೆ ಹರಿಯಬಹುದು.

ಇಡುವ ಜಾಗ, ಕರೆಂಟು

ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಏರಿಸದೆ ನೆಲದ ಮೇಲೆ, ಗೋಡೆಗೆ ಹತ್ತಿರ ಇಟ್ಟರೆ ಮಂದ್ರ ಬಲವಾಗುತ್ತದೆ. ಮೂಲೆಗೆ ಸರಿಸಿದರೆ ಇನ್ನೂ ಬಲ. ಕೆಲವೊಮ್ಮೆ ಅತಿಯಾಗಿ ಗುಂಯ್‌ಗುಡುತ್ತದೆ, ಆಗ ಬೇಸ್ ತಿರುಗಣೆ ಇಳಿಸಿ. ಬಯಲಲ್ಲಿ ಗೋಡೆಯ ಈ ಆಸರೆ ಸಿಗದು. ಅಲ್ಲಿ ನೆರವಿಗೆ ಬರುವುದು ಡಿಐ ಔಟ್: ಕಾಂಬೋದಿಂದ ಒಂದು ವೈರು ಮೈಕ್‌ಸೆಟ್‌ನವರ ಮಿಕ್ಸರಿಗೆ ಹೋದರೆ ಸಭೆಗೆ ಅವರ ದೊಡ್ಡ ಬಾಕ್ಸುಗಳು, ನುಡಿಸುವವರ ಕಿವಿಗೆ ಕಾಂಬೋ. ಅವರಲ್ಲಿ ಬರೀ ಹಾರ್ನ್ ಇದ್ದರೆ ಡಿಐನಿಂದ ಪ್ರಯೋಜನವಿಲ್ಲ ಎಂಬುದೂ ನೆನಪಿರಲಿ.

ಹಳ್ಳಿಯ ಕಾರ್ಯಕ್ರಮಕ್ಕೆ ಕರೆಂಟಿನ ಏರಿಳಿತ, ಜನರೇಟರ್ ಇದ್ದದ್ದೇ. ಸ್ಟೆಬಿಲೈಸರ್ ಇಟ್ಟುಕೊಳ್ಳಿ. ಅರ್ಥಿಂಗ್ ಇಲ್ಲದ ಪ್ಲಗ್ಗಿನಿಂದ 'ಹುಂ' ಸದ್ದಷ್ಟೇ ಅಲ್ಲ, ತಂತಿ ಮುಟ್ಟಿದವರಿಗೆ ಷಾಕೂ ಹೊಡೆದೀತು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವಾಗ ಪೆಟ್ಟಿಗೆಗೆ ನೆರಳು ಬೇಕು, ಹಿಂಬದಿಯ ಗಾಳಿಕಿಂಡಿಗೆ ಬಟ್ಟೆ ಮುಚ್ಚಬಾರದು. ಬಿಸಿಯೇರಿದರೆ ಎಷ್ಟೋ ಆಂಪ್ಲಿಫೈಯರುಗಳು ಹಾಡಿನ ನಡುವೆಯೇ ತಾವಾಗಿ ಬಂದಾಗುತ್ತವೆ.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮಂದ್ರ ಗೋಡೆ ದಾಟುವುದು ಹೆಚ್ಚು, ಹಾಗಾಗಿ ನೆರೆಮನೆಯವರು ಮೊದಲು ದೂರುವುದೂ ಅದನ್ನೇ.

ಕೊಳ್ಳುವ ಮೊದಲು ನಿಮ್ಮದೇ ಗಿಟಾರ್ ಒಯ್ದು, ದಪ್ಪ ತಂತಿಯನ್ನು ಜೋರಾಗಿ ಮಿಡಿದು ಕೇಳಿ. ಪೆಟ್ಟಿಗೆ ಗಡಗಡ ಎಂದರೆ, ಸ್ವರ ಒಡೆದರೆ ಬಿಟ್ಟುಬಿಡಿ. 12 ಇಂಚು, 100ರಿಂದ 200 ವ್ಯಾಟು, ಒಂದು ಡಿಐ ಔಟ್, ಒಬ್ಬರೇ ಎತ್ತಬಹುದಾದ ತೂಕ: ನಮ್ಮ ಸಣ್ಣ ಸಭೆಗಳಿಗೆ ಇಷ್ಟಿದ್ದರೆ ಸಾಕು.