ಕಹಿ ಬೇರೆ, ಒಗರು ಬೇರೆ: ಎಳೆಯ ಪುಅರ್ ಚಹಾ ಆರಿಸೋದು ಹೇಗೆ?

ಪುಅರ್ ಅನ್ನೋದು ಚೀನಾದ ಯುನ್ನಾನ್ ಪ್ರಾಂತ್ಯದ ಚಹಾ. ಪುಡಿ ಮಾಡಿ ಮಾರೋದಲ್ಲ. ಎಲೆಗಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಭಾರದ ಕಲ್ಲಿನಡಿ ಒತ್ತಿ, ರೊಟ್ಟಿಯಷ್ಟಗಲದ ಬಿಲ್ಲೆ ಮಾಡಿ ಕಾಗದದಲ್ಲಿ ಸುತ್ತಿ ಮಾರ್ತಾರೆ. ಒಂದು ಬಿಲ್ಲೆ ಸಾಮಾನ್ಯವಾಗಿ 357 ಗ್ರಾಂ. ಏಳು ಬಿಲ್ಲೆ ಸೇರಿ ಒಂದು ಕಟ್ಟು, ಅಂದ್ರೆ 2,499 ಗ್ರಾಂ. ಎರಡೂವರೆ ಕೆಜಿಗೆ ಒಂದೇ ಗ್ರಾಂ ಕಮ್ಮಿ!

ಇದರಲ್ಲಿ ಎರಡು ಬಗೆ. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ವಾರಗಟ್ಟಲೆ ಹುದುಗಿಸಿ ಮಾಡಿದ್ದು 'ಶೌ'. ಕಪ್ಪಗೆ, ಮೆತ್ತಗೆ, ಒದ್ದೆ ಮಣ್ಣಿನ ವಾಸನೆಯ ಚಹಾ. ಈ ವಿಧಾನ ರೂಪುಗೊಂಡಿದ್ದು 1970ರ ದಶಕದಲ್ಲಿ. ಹಾಗೆ ಹುದುಗಿಸದೆ ನೇರವಾಗಿ ಒತ್ತಿದ್ದು 'ಶೆಂಗ್', ಅಂದರೆ ಹಸಿ. ಇದು ವರ್ಷಗಟ್ಟಲೆ ತನ್ನಷ್ಟಕ್ಕೆ ನಿಧಾನವಾಗಿ ಬದಲಾಗತ್ತೆ. ನಾನು ಹೇಳ್ತಿರೋದು ಒಂದರಿಂದ ಐದು ವರ್ಷದೊಳಗಿನ ಎಳೆಯ ಶೆಂಗ್ ಬಗ್ಗೆ ಮಾತ್ರ. ವಿದ್ಯಾರ್ಥಿಗಳ ಜೇಬಿಗೆ ಎಟುಕೋದು ಅದೇ, ಮೋಸ ಹೋಗೋಕೆ ಹೆಚ್ಚು ಅವಕಾಶ ಇರೋದೂ ಅಲ್ಲೇ. ಮೊದಲ ಗುಟುಕಿಗೆ ಒಳ್ಳೇದೂ ಕಹಿ, ಕೆಟ್ಟದ್ದೂ ಕಹಿ. ಹಾಗಿದ್ರೆ ಗೊತ್ತು ಮಾಡೋದು ಹೇಗೆ?

ಇಲ್ಲಿ ನಮ್ಮ ಭಾಷೆ ಕೈ ಹಿಡಿಯತ್ತೆ. ಕಹಿ ಅಂದ್ರೆ ಹಾಗಲಕಾಯಿ. ಒಗರು ಅಂದ್ರೆ ಹಸಿ ಅಡಿಕೆ, ಬಾಳೆಕಾಯಿ. ಇವೆರಡನ್ನೂ ಬೇರೆ ಮಾಡಿ ಹೇಳೋದು ನಮಗೆ ಚಿಕ್ಕಂದಿನಿಂದ ಅಭ್ಯಾಸ. ಕಹಿ ನಿಜವಾದ ರುಚಿ, ನಾಲಿಗೆಯ ಗ್ರಾಹಕಗಳು ಹಿಡಿಯೋ ಸಂಕೇತ. ಚಹಾದಲ್ಲಿ ಅದಕ್ಕೆ ಕೆಫೀನ್ ಒಂದು ಕಾರಣ. ಒಗರು ಹೆಚ್ಚಾಗಿ ಸ್ಪರ್ಶ. ಚಹಾದ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅವುಗಳನ್ನ ಬೇರ್ಪಡಿಸಿಬಿಡ್ತವೆ. ಬಾಯಲ್ಲಿ ಲೂಬ್ರಿಕೇಶನ್ ಹೋಗಿ ಘರ್ಷಣೆ ಹೆಚ್ಚಾಗತ್ತೆ. ಮೆಕ್ಯಾನಿಕಲ್‌ನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಎಳೆಯ ಶೆಂಗ್‌ನಲ್ಲಿ ಎರಡೂ ಇರತ್ತೆ. ಇದೆಯಾ ಇಲ್ವಾ ಅಂತ ನೋಡೋದು ಬಿಟ್ಟು, ಎಷ್ಟು ಬೇಗ ಹೋಗತ್ತೆ ಅಂತ ನೋಡಿ. ಒಳ್ಳೆ ಚಹಾದಲ್ಲಿ ಕಹಿ ಗಟ್ಟಿಯಾಗಿ ಬಂದು, ಅರ್ಧ ನಿಮಿಷದೊಳಗೆ ಕರಗಿ, ಗಂಟಲಿನ ಕಡೆಯಿಂದ ಒಂದು ಸಿಹಿ ಮೇಲೆ ಬರತ್ತೆ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಆಗೋದೇ ಅದು. ಚೀನಿಯರು ಇದಕ್ಕೆ 'ಹುಯ್‌ಗಾನ್' ಅಂತಾರೆ, ಹಿಂತಿರುಗಿ ಬರುವ ಸಿಹಿ. ನೆಲ್ಲಿಕಾಯಿಗೆ ಅವರಿಟ್ಟ ಹೆಸರು 'ಯುಗಾನ್‌ಜಿ', ಸಿಹಿ ಉಳಿಸುವ ಕಾಯಿ. ಎರಡರಲ್ಲೂ ಇರೋ 'ಗಾನ್' ಒಂದೇ ಅಕ್ಷರ. ನೆಲ್ಲಿಕಾಯಿ ಪರಿಚಯ ಇರೋ ನಾಲಿಗೆಗೆ ಈ ಚಹಾದ ಅರ್ಧ ಪಾಠ ಮುಗಿದ ಹಾಗೆ. ಇದಕ್ಕೆ ತದ್ವಿರುದ್ಧವಾಗಿ, ಕೀಳು ಚಹಾದ ಒಗರು ನಾಲಿಗೆ ಮೇಲೆ, ಕೆನ್ನೆಯ ಒಳಬದಿಗೆ ಸುಣ್ಣ ಬಳಿದ ಹಾಗೆ ಕೂತುಬಿಡತ್ತೆ. ಎರಡು ನಿಮಿಷ ಆದ್ರೂ ಹೋಗಲ್ಲ, ಸಿಹಿನೂ ಬರಲ್ಲ. ಅಂಥದ್ದನ್ನ 'ಇಟ್ಟರೆ ಸರಿಹೋಗತ್ತೆ' ಅಂತ ಯಾರಾದ್ರೂ ಮಾರಿದ್ರೆ ನಂಬಬೇಡಿ. ಕಾಲ ಕಹಿಯನ್ನ ಮೆತ್ತಗೆ ಮಾಡಬಹುದು, ಎಲೆಯಲ್ಲಿ ಇಲ್ಲದ ಸತ್ವವನ್ನ ತಂದುಕೊಡಲ್ಲ.

ರುಚಿ ಹೋಲಿಸೋಕೆ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ನಗಬೇಡಿ: ಐಎಸ್‌ಒ 3103. 100 ಮಿಲಿ ನೀರಿಗೆ 2 ಗ್ರಾಂ ಎಲೆ, ಕುದಿಯೋ ನೀರು, 6 ನಿಮಿಷ. ಇದರ ಬ್ರಿಟಿಷ್ ರೂಪಕ್ಕೆ 1999ರಲ್ಲಿ ಇಗ್ ನೊಬೆಲ್ ಅನ್ನೋ ತಮಾಷೆ ಪ್ರಶಸ್ತಿಯೂ ಸಿಕ್ಕಿದೆ. ಇದು ರುಚಿಯಾದ ಚಹಾ ಮಾಡೋ ವಿಧಾನ ಅಲ್ಲ. ಎರಡು ಚಹಾಗಳನ್ನ ಒಂದೇ ತಕ್ಕಡಿಯಲ್ಲಿ ತೂಗೋ ವಿಧಾನ. ಎಳೆಯ ಶೆಂಗನ್ನ ಹೀಗೆ 6 ನಿಮಿಷ ಬಿಟ್ಟರೆ ಕುಡಿಯೋಕೆ ಕಷ್ಟ, ಆದ್ರೆ ದೋಷ ಒಂದೂ ಬಚ್ಚಿಟ್ಟುಕೊಳ್ಳಲ್ಲ. ಸುಟ್ಟ ವಾಸನೆ, ಹುಳಿ, ಮುಗ್ಗಲು ಎಲ್ಲಾ ಹೊರಗೆ ಬರತ್ತೆ. ಒಂದನ್ನೇ ಕುಡಿದು ತೀರ್ಮಾನ ಮಾಡಬೇಡಿ. ಕನಿಷ್ಠ ಎರಡು ಸ್ಯಾಂಪಲ್ ಪಕ್ಕಪಕ್ಕ ಇಡಿ, ನೀರು ಒಂದೇ ಇರಲಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಯಾವ ಚಹಾನೂ ಮಂಕೇ.

ಆಮೇಲೆ ಕುಡಿಯೋ ಥರ ಮಾಡಿ ನೋಡಿ. 100 ಮಿಲಿಗೆ 5 ಗ್ರಾಂ, ಒಮ್ಮೆ ಬಿಸಿನೀರಲ್ಲಿ ತೊಳೆದು ಚೆಲ್ಲಿ, ನಂತರ 10 ಸೆಕೆಂಡಿಗೆ ಬಸಿಯಿರಿ. ಅದೇ ಎಲೆಗೆ ಮತ್ತೆ ನೀರು, ಮತ್ತೆ ಬಸಿಯೋದು, ಪ್ರತಿ ಸಲ ಸ್ವಲ್ಪ ಸಮಯ ಹೆಚ್ಚಿಸ್ತಾ ಹೋಗಿ. ಚೀನಿಯರ ಮುಚ್ಚಳದ ಬಟ್ಟಲು ಇಲ್ದಿದ್ರೆ ಸ್ಟೀಲ್ ಲೋಟ, ಒಂದು ಜಾಲರಿ ಸಾಕು. ಎಷ್ಟು ಸಲ ನೀರು ಹಾಕಿದ್ರೂ ರುಚಿ ಉಳಿಯತ್ತೆ ಅನ್ನೋದನ್ನ ಬರೆದಿಟ್ಕೊಳ್ಳಿ. ಬೆಲೆಯ ಲೆಕ್ಕಕ್ಕೆ ಅದು ಬೇಕು. ಖಾಲಿ ಹೊಟ್ಟೇಲಿ ಮಾತ್ರ ಈ ಪ್ರಯೋಗ ಬೇಡ.

ಕೊನೆಗೆ ನೆಂದ ಎಲೆಯನ್ನ ತಟ್ಟೆ ಮೇಲೆ ಹರಡಿ. ಬಿಲ್ಲೆಯ ಮೇಲ್ಮುಖ ನೋಡಿ ಮರುಳಾಗೋದು ಸುಲಭ, ಯಾಕಂದ್ರೆ ಎಷ್ಟೋ ಬಿಲ್ಲೆಗಳಲ್ಲಿ ಚೆಂದದ ಚಿಗುರನ್ನ ಮೇಲಕ್ಕೆ ಉದುರಿಸಿ ಒತ್ತಿರ್ತಾರೆ. ಹಣ್ಣಿನ ಬುಟ್ಟಿಯ ಮೇಲ್ಗಡೆ ದಪ್ಪ ಹಣ್ಣು ಜೋಡಿಸೋ ವಿದ್ಯೆಯೇ ಇದು. ನೆಂದಾಗ ಒಳಗಿನದೆಲ್ಲಾ ಬಯಲಾಗತ್ತೆ. ಎಲೆ ಬಿಚ್ಚಿಕೊಂಡು ಮೆತ್ತಗಿದ್ದು, ಬೆರಳಲ್ಲಿ ತಿಕ್ಕಿದ್ರೂ ಹರಿಯದಿದ್ರೆ ಒಳ್ಳೇದು. ಚೂರುಪಾರೇ ಜಾಸ್ತಿ ಇದ್ರೆ, ಅಂಚಿನಲ್ಲಿ ಸುಟ್ಟ ಕಲೆ ಇದ್ರೆ, ಲೋಟದ ತಳದಲ್ಲಿ ಕರಿ ಚುಕ್ಕೆ ಕೂತಿದ್ರೆ ಬಾಣಲೆಯಲ್ಲಿ ಹುರಿಯುವಾಗ ಕೈ ತಪ್ಪಿದೆ ಅಂತ ಅರ್ಥ.

ಆ ಹುರಿಯೋ ಹಂತ ಮುಖ್ಯ. ಕಿತ್ತ ಎಲೆಯನ್ನ ಬಾಡಿಸಿ, ಬಾಣಲೆಯಲ್ಲಿ ಹುರಿದು ಎಂಜೈಮ್‌ಗಳನ್ನ ತಡೀತಾರೆ, ಹೊಸೆದು, ಬಿಸಿಲಲ್ಲಿ ಒಣಗಿಸ್ತಾರೆ. ಚೀನಾದ ರಾಷ್ಟ್ರೀಯ ಮಾನದಂಡವೂ ಪುಅರ್ ಅಂದ್ರೆ ಯುನ್ನಾನಿನ ದೊಡ್ಡೆಲೆ ಜಾತಿಯ, ಬಿಸಿಲಲ್ಲಿ ಒಣಗಿದ ಎಲೆಯಿಂದ ಆಗಿರಬೇಕು ಅನ್ನತ್ತೆ. ಕೆಲವರು ಬಿಸಿ ಜಾಸ್ತಿ ಕೊಟ್ಟು, ಗ್ರೀನ್ ಟೀ ಥರ ಘಮ ಬರಿಸ್ತಾರೆ. ಹೊಸದರಲ್ಲಿ ತುಂಬಾ ಚೆನ್ನಾಗಿರತ್ತೆ. ಈ ವರ್ಷವೇ ಕುಡಿದು ಮುಗಿಸೋರಿಗೆ ಅದರಿಂದ ತೊಂದರೆ ಇಲ್ಲ. ಇಟ್ಟು ಹಳೇದು ಮಾಡೋರಿಗೆ ನಷ್ಟ.

ಈಗ ದುಡ್ಡಿನ ವಿಷಯ. ಎಳೆಯ ಶೆಂಗ್‌ನ ಬೆಲೆಯಲ್ಲಿ ಎಲೆಗಿಂತ ಹೆಸರಿನ ಪಾಲು ದೊಡ್ಡದು. ಬುಲಾಂಗ್ ಬೆಟ್ಟದ ಲಾವೊಬಾನ್‌ಜಾಂಗ್ ಹಳ್ಳಿಯ ಎಲೆ ಅಂದ್ರೆ ಚೀನಾದ ಶ್ರೀಮಂತರೇ ಯೋಚನೆ ಮಾಡೋ ಬೆಲೆ. ಆದ್ರೂ ಆ ಹೆಸರು ಮುದ್ರಿಸಿದ ಅಗ್ಗದ ಬಿಲ್ಲೆಗಳಿಗೆ ಲೆಕ್ಕವಿಲ್ಲ. ಕಾಗದದ ಮೇಲೆ ಏನು ಬೇಕಾದ್ರೂ ಅಚ್ಚು ಹಾಕಬಹುದು ತಾನೆ? 'ಗುಶು', ಅಂದ್ರೆ ಹಳೇ ಮರದ ಎಲೆ, ಅನ್ನೋದೂ ಹಾಗೇ. ಸಾಲು ತೋಟದ ಗಿಡಕ್ಕಿಂತ ಹಳೇ ಮರದ ಚಹಾ ಮೆದುವಾಗಿ, ಹೆಚ್ಚು ಸಲ ಬಸಿಯೋಕೆ ಬರತ್ತೆ ಅಂತಾರೆ. ಆದ್ರೆ ಕೊಳ್ಳೋರು ಎಲೆ ನೋಡಿ ಮರದ ವಯಸ್ಸು ಹೇಳೋಕಾಗಲ್ಲ. ಸಾವಿರ ವರ್ಷದ ಮರ ಅಂತ ಬರೆದಿದ್ರೆ ಆ ಪದಕ್ಕೆ ಒಂದು ಪೈಸೆನೂ ಹೆಚ್ಚಿಗೆ ಕೊಡಬೇಡಿ. ರುಚಿಗೆ ಕೊಡಿ.

ಹೆಸರಿನ ಬದಲು ಲೆಕ್ಕ ನೋಡೋಣ. ಬಿಲ್ಲೆಗೆ 2,499 ರೂಪಾಯಿ ಅಂದ್ಕೊಳ್ಳಿ. ಗ್ರಾಂಗೆ 7 ರೂಪಾಯಿ, 5 ಗ್ರಾಂಗೆ 35. ಎಂಟು ಸಲ ಬಸಿಯೋಕೆ ಬಂದ್ರೆ ಲೋಟಕ್ಕೆ ಸುಮಾರು 4 ರೂಪಾಯಿ 40 ಪೈಸೆ. ಇನ್ನೊಂದು ಬಿಲ್ಲೆ ಅರ್ಧ ಬೆಲೆಗೆ ಸಿಕ್ತು, ಆದ್ರೆ ನಾಲ್ಕನೇ ಸಲಕ್ಕೇ ನೀರಾಯ್ತು ಅಂದ್ರೆ ಲೋಟದ ಬೆಲೆ ಅಷ್ಟೇ! ಹಾಗಾಗಿ ಇಡೀ ಬಿಲ್ಲೆ ತಗೊಳ್ಳೋಕೆ ಮುಂಚೆ 20-25 ಗ್ರಾಂ ಸ್ಯಾಂಪಲ್ ತರಿಸಿ. ಗ್ರಾಂ ಲೆಕ್ಕದಲ್ಲಿ ದುಬಾರಿ ಅನ್ಸತ್ತೆ, ಕುಡಿಯೋಕಾಗದ 350 ಗ್ರಾಂ ಮನೇಲಿಟ್ಟುಕೊಳ್ಳೋದಕ್ಕಿಂತ ಅಗ್ಗ.

ಹೋಲಿಕೆಗೆ ಒಂದು ಕಂಟ್ರೋಲ್ ಸ್ಯಾಂಪಲ್ ಬೇಕಲ್ಲ? ಮೆಂಗ್‌ಹಾಯ್ ಕಾರ್ಖಾನೆಯ 7542 ತಗೊಳ್ಳಿ. ಇದು ಪಾರ್ಟ್ ನಂಬರ್ ಇದ್ದ ಹಾಗೆ: 75 ಅಂದ್ರೆ ಮಿಶ್ರಣದ ಸೂತ್ರ ಹುಟ್ಟಿದ ವರ್ಷ 1975, 4 ಎಲೆಯ ದರ್ಜೆ, 2 ಕಾರ್ಖಾನೆಯ ಗುರುತು. 75 ತಯಾರಾದ ವರ್ಷ ಅಲ್ಲ, ಯಾರಾದ್ರೂ ಹಾಗೆ ಹೇಳಿ ಬೆಲೆ ಏರಿಸಿದ್ರೆ ನಕ್ಕು ಮುಂದೆ ಹೋಗಿ. ಇದು ಬೇರೆಬೇರೆ ಕಡೆಯ ಎಲೆ ಬೆರೆಸಿದ ಚಹಾ, ಕಹಿ ಜೋರು, ಆದ್ರೆ ಅಳತೆಗೋಲಾಗಿ ಚೆನ್ನಾಗಿದೆ. ಕಹಿ ಅಷ್ಟು ಬೇಡ ಅನ್ನೋರು ಯಿವು ಕಡೆಯದ್ದನ್ನೋ, ಹೂವಿನ ಘಮದ ಜಿಂಗ್‌ಮಾಯ್ ಬೆಟ್ಟದ್ದನ್ನೋ ಹುಡುಕಿ. ಜಿಂಗ್‌ಮಾಯ್‌ನ ಹಳೇ ಚಹಾ ಕಾಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ, ಇನ್ನು ಆ ಹೆಸರೂ ಅಗ್ಗವಾಗಿ ಉಳಿಯೋದು ಅನುಮಾನ. ದುಡ್ಡು ಉಳಿಸೋಕೆ ನನಗೆ ಸರಿ ಅನ್ನಿಸೋ ದಾರಿ ಶರತ್ಕಾಲದ ಕೊಯ್ಲು. ವಸಂತದ ಎಲೆಯಷ್ಟು ಗಟ್ಟಿ ಇರಲ್ಲ, ಘಮ ಇರತ್ತೆ, ಬೆಲೆ ಸಾಮಾನ್ಯವಾಗಿ ಕಮ್ಮಿ. ಮಳೆಗಾಲದ್ದು ಬೇಡ, ತೆಳು.

'ಈಗ ತಗೊಂಡಿಡಿ, ಹತ್ತು ವರ್ಷಕ್ಕೆ ಬೆಲೆ ಏರತ್ತೆ' ಅನ್ನೋ ಮಾತೂ ಕಿವಿಗೆ ಬೀಳತ್ತೆ. ಚೀನಾದಲ್ಲೇ ಹಾಗೆ ನಂಬಿ ಜನ ಬಿಲ್ಲೆ ಗುಡ್ಡೆ ಹಾಕಿ, 2007ರಲ್ಲಿ ಬೆಲೆ ಗುಳ್ಳೆ ಒಡೆದು ಕೈ ಸುಟ್ಕೊಂಡಿದ್ದಾರೆ. ಇಂದು ಕುಡಿಯೋಕೆ ಇಷ್ಟ ಆಗದ ಶೆಂಗನ್ನ ನಾನಂತೂ ಯಾವ ಬೆಲೆಗೂ ತಗೊಳ್ಳಲ್ಲ.

ತಂದಿದ್ದನ್ನ ಫ್ರಿಜ್‌ನಲ್ಲಿ ಇಡಬೇಡಿ. ಕಾಗದದ ಸುತ್ತು ಹಾಗೇ ಇರಲಿ, ಬಿಸಿಲು ಬೀಳದ ಕಡೆ ಒಂದು ರಟ್ಟಿನ ಡಬ್ಬಿ ಸಾಕು. ಕರಾವಳಿಯ ಹಾಸ್ಟೆಲ್‌ನಲ್ಲಿದ್ದರೆ ಮಳೆಗಾಲದಲ್ಲಿ ಮಾತ್ರ ಗಾಳಿಯಾಡದ ಡಬ್ಬಕ್ಕೆ ಹಾಕಿ, ಬೂಷ್ಟು ಬರತ್ತೆ. ಚಹಾ ಎಲೆ ಸುತ್ತಲಿನ ವಾಸನೆಯನ್ನೆಲ್ಲಾ ಹೀರಿಕೊಳ್ಳತ್ತೆ, ಆದ್ದರಿಂದ ಊದುಬತ್ತಿ, ಉಪ್ಪಿನಕಾಯಿ, ರೂಮ್‌ಮೇಟ್‌ನ ಶೂ, ಮೂರರಿಂದಲೂ ದೂರ ಇಡಿ.